ಆಲೆಮನೆಯ ಚಾಸಿ

ಬಾಡಿ ಬೇರೆ, ಎಂಜಿನ್ ಬೇರೆ, ಚಾಸಿ ಬೇರೆ. ನಾನು ಆ ಕಾರನ್ನು ಮೊದಲು ನೋಡಿದ್ದೇ ಹಾಗೆ. ಪಾಂಡವಪುರದ ಹತ್ತಿರದ ಒಂದು ಹಳ್ಳಿಯ ಹೊರಗೆ, ಬೆಲ್ಲ ಕಾಯಿಸುವುದು ನಿಂತುಹೋಗಿದ್ದ ಆಲೆಮನೆಯೊಳಗೆ ಅದು ಬಿದ್ದಿತ್ತು. ಬಾಡಿಯನ್ನು ಎತ್ತಿ ಎಣ್ಣೆ ಡ್ರಮ್ಮುಗಳ ಮೇಲೆ ಕೂರಿಸಿದ್ದರು. ಎಂಜಿನ್ನನ್ನು ಯಾರೋ ಮೆಕ್ಯಾನಿಕ್ ಸರಿಮಾಡಿ, ಗೋಣಿತಾಟು ಹೊದಿಸಿ ಮೂಲೆಗಿಟ್ಟಿದ್ದ. ಚಾಸಿ ಮಾತ್ರ ನೆಲದ ಮೇಲೆ, ಹಳೆಯ ಕಬ್ಬಿನ ಸಿಪ್ಪೆಯ ನಡುವೆ. ತೊಂಬತ್ತರ ಇಸವಿ ದಾಟಿ ಐದಾರು ವರ್ಷ ಕಳೆದಿದ್ದ ಕಾಲ. ಸಂಕ್ರಾಂತಿ ಆಗಷ್ಟೇ ಮುಗಿದಿತ್ತು.

ಕಾರು ಆ ಊರಿನ ಹಾಲಿನ ಡೈರಿ ಸೆಕ್ರೆಟರಿಯವರದು. ಅವರ ತಂದೆ ಯಾವುದೋ ಎಸ್ಟೇಟಿನ ದೊರೆಯಿಂದ ಕೊಂಡಿದ್ದ ವಿಲಾಯಿತಿ ಕಾರು. ಅಂಥ ಕಾರಿನಲ್ಲಿ ಭಾರವನ್ನೆಲ್ಲ ಹೊರುವುದು ಚಾಸಿ. ಏಣಿಯ ಹಾಗೆ ಎರಡು ಉದ್ದದ ಚಾನೆಲ್ಲು, ನಡುವೆ ಅಡ್ಡಪಟ್ಟಿಗಳು. ನಾನು ಸುತ್ತಿಗೆ ತೆಗೆದುಕೊಂಡು ಬಲಗಡೆಯ ಚಾನೆಲ್ಲನ್ನು ಉದ್ದಕ್ಕೂ ತಟ್ಟಿದೆ. ಟಣ್ ಟಣ್ ಎಂದು ಬಂತು. ಎಡಗಡೆಯದು ಮುಂದೆ ಚೆನ್ನಾಗಿ ಬಂದು, ನಡುವಿನಿಂದ ಹಿಂದಕ್ಕೆ ಹೋದಂತೆ ಹಸಿ ಗೋಡೆ ತಟ್ಟಿದ ಹಾಗೆ ಥಪ್ ಎಂದಿತು. ಸ್ಕ್ರೂಡ್ರೈವರ್ ಒತ್ತಿದರೆ ಆ ಕಡೆ ಹೋಯಿತು. ಕಬ್ಬಿನ ಸಿಪ್ಪೆ ವರ್ಷಗಟ್ಟಲೆ ನೀರು ಹೀರಿ ಹೀರಿ ಆ ಭಾಗವನ್ನು ತಿಂದುಹಾಕಿತ್ತು.

"ಉಗಾದಿ ಒತ್ಗೆ ಆಯ್ತದಾ ಮೇಸ್ತ್ರಿ?" ಎಂದರು ಸೆಕ್ರೆಟರಿ.

"ಉಗಾದಿಗೇ ಯಾಕೆ?"

ಅವರು ಹೇಳಿದರು. ಅಣ್ಣತಮ್ಮಂದಿರು ಪಾಲಾಗಿದ್ದರು. ಆಲೆಮನೆ, ಅದರ ಸುತ್ತಿನ ಗದ್ದೆ, ಪಂಪ್‌ಸೆಟ್ಟು ತಮ್ಮನಿಗೆ ಬಂದಿತ್ತು. ಕಾರು ಅಣ್ಣನಿಗೆ, ಅಂದರೆ ಇವರಿಗೆ. ಆದರೆ ಅದು ತಮ್ಮನ ಜಾಗದಲ್ಲಿತ್ತು. ಅವನಿಗೆ ಅಲ್ಲಿ ಹಸು ಕಟ್ಟಬೇಕು. ಇವರು ಇದನ್ನು ಯಾವತ್ತೂ ಮುಗಿಸುವುದಿಲ್ಲ, ನನ್ನ ಜಾಗ ಯಾವತ್ತೂ ಖಾಲಿಯಾಗುವುದಿಲ್ಲ ಎಂದು ಪಂಚಾಯ್ತಿಯಲ್ಲಿ ಜಗಳ ತೆಗೆದಿದ್ದ. ಕೂತಿದ್ದ ಹಿರಿಯರಲ್ಲಿ ಒಬ್ಬರು ತೀರ್ಮಾನ ಹೇಳಿದ್ದರು. ಉಗಾದಿ ದಿನದೊಳಗೆ ಚಾಸಿ ತನ್ನ ಚಕ್ರದ ಮೇಲೆ ಆಚೆ ಹೋದರೆ ಅದು ಕಾರು, ಅಣ್ಣನದು, ಬಾಡಿ ಎಂಜಿನ್ ಆಮೇಲೆ ಒಯ್ಯಲಿ. ಹೊತ್ತುಕೊಂಡು ಹೋಗಬೇಕಾದರೆ ಗುಜರಿ, ತಮ್ಮ ಮಾರಿಕೊಳ್ಳಲಿ. ಇಬ್ಬರೂ ಒಪ್ಪಿ ವೀಳ್ಯ ತೆಗೆದುಕೊಂಡಿದ್ದರು. ನಾಗಮಂಗಲದ ಗುಜರಿಯವನೊಬ್ಬ ಆಗಲೇ ಬಂದು ನೋಡಿ ಹೋಗಿದ್ದ.

"ನಾನು ಉಟ್ಟಿದ್ದು ಇದ್ರಲ್ಲೇ ಕಣಪ್ಪ," ಎಂದರು ಸೆಕ್ರೆಟರಿ. "ಅವ್ವುನ್ನ ಮೈಸೂರು ಆಸ್ಪತ್ರೆಗೆ ಕರ್ಕಂಡೋಗ್ತಿದ್ರು. ಶ್ರೀರಂಗಪಟ್ಣದ ಸೇತ್ವೆ ದಾಟಕ್ಕೂ ಬುಡ್ನಿಲ್ವಂತೆ ನಾನು."

ಬಾಗಿಲಲ್ಲಿ ಒಬ್ಬ ಗುದ್ದಲಿ ಹಿಡಿದು ನಿಂತಿದ್ದ. ಅವನೇ ತಮ್ಮ. ನನ್ನನ್ನು ನೋಡಿಕೊಂಡೇ ಹೇಳಿದ: "ಅವನು ಉಟ್ಟಿದ್ದು ಕಾರಲ್ಲಿ. ನಾನು ಉಟ್ಟಿದ್ದು ಅಟ್ಟೀಲಿ. ಅದ್ಕೇ ಅವನಿಗೆ ಸವಾರಿ, ನಂಗೆ ಸಗಣಿ."

ಸೆಕ್ರೆಟರಿ ಚಾಸಿಯ ಕಡೆ ತಿರುಗಿಕೊಂಡರು. ಅವರಿಬ್ಬರೂ ಮಾತು ಬಿಟ್ಟು ಬಹಳ ದಿನವಾಗಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಒಬ್ಬರಿಗೆ ಹೇಳಬೇಕಾದ್ದನ್ನು ಇನ್ನೊಬ್ಬರು ಎದುರಿಗಿದ್ದ ಮೂರನೆಯವರ ಮುಖ ನೋಡಿ ಹೇಳುತ್ತಿದ್ದರು.

ನಾನು ಕೆಲಸ ಒಪ್ಪಿಕೊಂಡೆ. ಅದಕ್ಕೆ ಕಾರಣ ಕಾರೂ ಅಲ್ಲ, ಅವರ ಪಾಲಿನ ಕಥೆಯೂ ಅಲ್ಲ. ಕೆ.ಆರ್. ಪೇಟೆಯಲ್ಲಿ ನಮ್ಮದೊಂದು ವೆಲ್ಡಿಂಗ್ ಶೆಡ್ಡು. ನಮ್ಮದು ಅಂದರೆ ನಾನು, ನಮ್ಮಣ್ಣ. ದೀಪಾವಳಿಗೆ ಮುಂಚೆ ಅಣ್ಣ ಕಾಮಾಲೆ ಬಂದು ತೀರಿಕೊಂಡಿದ್ದ. ಆಮೇಲೂ ನಾನು ಶೆಡ್ಡಿನ ಬಾಗಿಲು ತೆಗೆಯುತ್ತಿದ್ದೆ, ಕೆಲಸ ಮಾಡುತ್ತಿದ್ದೆ, ಮುಚ್ಚುತ್ತಿದ್ದೆ. ಅಳು ಬಂದಿರಲಿಲ್ಲ. ಉಂಡೆನೋ ಇಲ್ಲವೋ ಎಂಬುದು ತಟ್ಟೆ ನೋಡಿದರೆ ಗೊತ್ತಾಗುತ್ತಿತ್ತು. ಬೇರೆ ಊರಿನಲ್ಲಿ, ಅವನು ಕೂರುತ್ತಿದ್ದ ಮರದ ಪೆಟ್ಟಿಗೆ ಕಾಣದ ಜಾಗದಲ್ಲಿ ಕೆಲಸ ಅಂದಾಗ ಹೂಂ ಅಂದೆ. ಅಷ್ಟೇ.

ವೆಲ್ಡಿಂಗ್ ಸೆಟ್ಟನ್ನು ಟೆಂಪೋದಲ್ಲಿ ತಂದು ಇಳಿಸಿದೆ. ಮೊದಲು ಚಾಸಿಯನ್ನು ಇಟ್ಟಿಗೆ ಗುಡ್ಡೆಗಳ ಮೇಲೆ ಎತ್ತಿ, ಗಾರೆಯವರು ಬಳಸುವ ನೀರಿನ ಟ್ಯೂಬಿನಿಂದ ನಾಲ್ಕು ಮೂಲೆಯ ಮಟ್ಟ ನೋಡಿದೆ. ತುಕ್ಕನ್ನು ಉಳಿಯಿಂದ ಕೆತ್ತಿ, ತಂತಿ ಬ್ರಷ್ಷಿನಿಂದ ಉಜ್ಜಿದೆ. ಒಳ್ಳೆಯ ಕಬ್ಬಿಣ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಇನ್ನೊಂದು ಗೇಣು ಹಿಂದೆ ಸರಿದು ಗುರುತು ಹಾಕಿದೆ. ತುಕ್ಕಿನ ಅಂಚಿಗೇ ಬೆಸುಗೆ ಹಾಕಿದರೆ ಬೆಸುಗೆ ಗಟ್ಟಿಯಾಗಿರುತ್ತದೆ, ಪಕ್ಕದ ಕಬ್ಬಿಣ ಹರಿಯುತ್ತದೆ. ಚಾನೆಲ್ಲು ಅಲ್ಲಿ ನೆಟ್ಟಗಿರಲಿಲ್ಲ. ಹಿಂದಿನ ಆಕ್ಸಲ್ಲಿಗೆ ಜಾಗ ಬಿಡಲು ಮೇಲಕ್ಕೆ ಬಾಗಿತ್ತು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಆ ಬಾಗಿಗೆ ಅಚ್ಚು ತೆಗೆದೆ. ಎಡಗಡೆ ತೆಗೆಯಲು ಅಲ್ಲಿ ಕಬ್ಬಿಣವೇ ಇರಲಿಲ್ಲ. ಬಲಗಡೆಯ ಬಾಗಿನ ಅಚ್ಚು ತೆಗೆದು ತಿರುವಿ ಹಾಕಿದೆ.

ದಪ್ಪ ತಗಡನ್ನು ಬಗ್ಗಿಸುವ ಯಂತ್ರ ನಮ್ಮಲ್ಲಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಲಾರಿ ಬಾಡಿ ಕಟ್ಟುವ ಒಬ್ಬ ಸಾಹೇಬರ ಹತ್ತಿರ ಇತ್ತು. ನಮ್ಮಣ್ಣನಿಗೆ ಅವರು ಪರಿಚಯ. ಬಗ್ಗಿಸುವ ಕೆಲಸವೆಲ್ಲ ಅವನೇ ಹೋಗಿ ಮಾಡಿಸಿಕೊಂಡು ಬರುತ್ತಿದ್ದ.

"ಬಡೇ ಭಾಯ್ ಬರ್ಲಿಲ್ವಾ?" ಎಂದರು ಸಾಹೇಬರು, ತಗಡನ್ನು ಬೆಳಕಿಗೆ ಹಿಡಿದು ನೋಡುತ್ತಾ.

"ಇಲ್ಲ," ಎಂದೆ.

"ಬರಕ್ಕೆ ಹೇಳಿ. ಚಾಯ್ ಕುಡಿಯೋದು ಬಾಕಿ ಐತೆ ಅಂತ ಹೇಳಿ."

"ಯೋಳ್ತೀನಿ," ಎಂದೆ. ಬಾಯಿಗೆ ಅದೇ ಬಂತು. ಬಗ್ಗಿಸಿದ ತುಂಡುಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ.

ಕೊಳೆತ ಭಾಗ ಕೊಯ್ದು ತೆಗೆದೆ. ಹೊಸ ತುಂಡು ಚೆನ್ನಾಗಿ ಕೂತಿತು. ಹಿಡಿ ಬೆಸುಗೆ, ಅಂದರೆ ಅಲ್ಲಲ್ಲಿ ಚುಕ್ಕಿ ಇಟ್ಟು ನಿಲ್ಲಿಸುವುದು, ಅದನ್ನೂ ಮಾಡಿದೆ. ಪೂರ್ತಿ ಬೆಸುಗೆಗೆ ಬಂದಾಗ ತೊಂದರೆ ಶುರುವಾಯಿತು. ಅದು ಕರೆಂಟಿನದು.

ಆಗ ಮೂರು ಫೇಸಿನ ಕರೆಂಟು ದಿನಕ್ಕೆ ಇಷ್ಟು ಹೊತ್ತು ಎಂದು ಪಾಳಿಯಲ್ಲಿ ಬರುತ್ತಿತ್ತು. ಬಂದ ಕೂಡಲೇ ಬಯಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಗುಂಯ್ ಎನ್ನುತ್ತಿದ್ದವು. ನನಗೆ ಕರೆಂಟು ತಮ್ಮನ ಪಂಪಿನ ಬೋರ್ಡಿನಿಂದಲೇ ಬರಬೇಕು. ಅವನ ಪಂಪು ಓಡುತ್ತಿದ್ದರೆ ನನ್ನ ಸೆಟ್ಟಿಗೆ ಉಸಿರೇ ಇರುತ್ತಿರಲಿಲ್ಲ. ಬೆಸುಗೆಯ ರಾಡು ಕಬ್ಬಿಣಕ್ಕೆ ಅಂಟಿಕೊಳ್ಳುತ್ತಿತ್ತು.

"ನೀರು ಮೊದ್ಲು, ಬೆಸುಗೆ ಆಮೇಲೆ," ಎಂದಿದ್ದ ತಮ್ಮ. "ಕಬ್ಬು ನಾಟಿ ಆಗ್ಯದೆ ಕಣಪ್ಪ. ಕಾರಿಗೆ ಬಾಯಾರಲ್ಲ."

ತಪ್ಪು ಮಾತಲ್ಲ. ಅವನು ನೀರು ಹಾಯಿಸಿ ಪಂಪು ನಿಲ್ಲಿಸಿದ ಮೇಲೆ, ಮೂರು ಫೇಸು ಹೋಗುವವರೆಗೆ ಉಳಿಯುವ ಸ್ವಲ್ಪ ಹೊತ್ತು ನನ್ನದು. ನಮ್ಮ ಕಡೆ ಹಿಟ್ಟಿನ ಗಿರಣಿಯಿಂದ ಹಿಡಿದು ಎಲ್ಲರೂ ಬದುಕುತ್ತಿದ್ದದ್ದೇ ಹಾಗೆ. ಕರೆಂಟಿದ್ದಾಗ ಬಾಚಿಕೊಂಡುಬಿಡು. ಒಂದು ಮಧ್ಯಾಹ್ನ ಅವನು ಬೇಗ ಪಂಪು ನಿಲ್ಲಿಸಿದ. ಕರೆಂಟು ಗಟ್ಟಿಯಾಗಿತ್ತು. ನಾನು ಕೂತವನು ಏಳಲಿಲ್ಲ. ಒಳಗಡೆ, ಹೊರಗಡೆ, ಮೇಲಿನ ಅಂಚು, ಕೆಳಗಿನ ಅಂಚು, ಎರಡೂ ಜೋಡಣೆ ಒಂದೇ ಬೀಸಿಗೆ ಎಳೆದೆ. ಟ್ರಾಕ್ಟರ್ ಟ್ರೈಲರುಗಳನ್ನು ನಾವು ಕಟ್ಟುತ್ತಿದ್ದದ್ದು ಹಾಗೆಯೇ. ದಪ್ಪ ಕಬ್ಬಿಣ ಎಲ್ಲವನ್ನೂ ತಡೆದುಕೊಳ್ಳುತ್ತದೆ.

"ಏಯ್ ಮೇಸ್ತ್ರಿ, ತೋಳು ಉರೀತಾ ಅದೆ ಕಣ್ಲಾ," ಎಂದು ಯಾರೋ ಭುಜ ಹಿಡಿದು ಅಲುಗಾಡಿಸಿದರು. ತಮ್ಮ. ಅಂಗಿಯ ತೋಳಿನೊಳಗೆ ಕಿಡಿ ಬಿದ್ದು ಬಟ್ಟೆ ಹೊಗೆಯಾಡುತ್ತಿತ್ತು, ಒಳಗೆ ಚರ್ಮ ಸುಟ್ಟಿತ್ತು. ಅವನೇ ಚೊಂಬಿನ ನೀರು ಸುರಿದ.

"ಉರಿ ಆಗ್ನಿಲ್ವಾ ನಿಂಗೆ?"

"ಆಯ್ತದೆ," ಎಂದೆ. ಆಗಿರಲಿಲ್ಲ.

ಅವನು ನನ್ನ ಮುಖ ನೋಡಿ, ಖಾಲಿ ಚೊಂಬು ಹಿಡಿದು ಗದ್ದೆಗೆ ಹೋದ.

ಮಾರನೆಯ ದಿನ ಬೆಸುಗೆಯ ಮೇಲೆ ಕಟ್ಟಿದ್ದ ಕಿಟ್ಟದ ಸಿಪ್ಪೆ ಬಡಿದು ತೆಗೆದೆ. ನಯವಾಗಿ, ಒಂದೇ ಸಮ ಬಂದಿತ್ತು. ನನ್ನ ಬೆಸುಗೆಯನ್ನು ನಾನೇ ಹೊಗಳಿಕೊಳ್ಳುವುದು ಸರಿಯಲ್ಲ, ಆದರೆ ಆ ತಾಲೂಕಿನಲ್ಲಿ ಅಂಥ ಬೆಸುಗೆ ಹಾಕುವವರು ಬಹಳ ಜನ ಇರಲಿಲ್ಲ. ಶಾಲೆಯಲ್ಲಿ ನಾನು ಹೆಚ್ಚು ಕಾಲ ಕೂರಲಿಲ್ಲ. ಕಲಿತದ್ದೆಲ್ಲ ಕೈಯಲ್ಲಿದೆ. ಸಮಾಧಾನದಿಂದಲೇ ಟೇಪು ತೆಗೆದೆ. ಚಾಸಿ ನೆಟ್ಟಗಿದೆಯೇ ಎಂದು ನೋಡಲು ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ ಅಳೆಯಬೇಕು, ಆಮೇಲೆ ಮುಂದಿನ ಬಲಮೂಲೆಯಿಂದ ಹಿಂದಿನ ಎಡಮೂಲೆಗೆ. ಎರಡೂ ಒಂದೇ ಬರಬೇಕು.

ಟೇಪಿನ ತುದಿಯನ್ನು ಬೋಲ್ಟಿಗೆ ಕಟ್ಟಿ ಎಳೆದೆ. ಒಂದು ಅಳತೆ ಇನ್ನೊಂದಕ್ಕಿಂತ ಬೆರಳಿನ ಅಗಲದಷ್ಟು ಕಡಿಮೆ ಬಂತು. ಕಟ್ಟಿದ್ದು ಜಾರಿರಬೇಕು ಅಂದುಕೊಂಡು ಮತ್ತೆ ಕಟ್ಟಿದೆ. ಮತ್ತೆ ಹಾಗೇ. ಈ ಕೆಲಸ ಒಬ್ಬರಿಂದ ಆಗುವುದಲ್ಲ. ಆ ಕಡೆ ಇನ್ನೊಬ್ಬ ಹಿಡಿದಿರಬೇಕು. ಸೆಕ್ರೆಟರಿ ಡೈರಿಯಲ್ಲಿದ್ದರು. ತಮ್ಮ ಬದುವಿನ ಮೇಲೆ ಬೀಡಿ ಸೇದುತ್ತಿದ್ದ. ಕರೆದೆ.

"ಅವನ ಕಾರ್ಗೆ ನಾನ್ ಅಳ್ತೆ ಇಡೀಲಾ?" ಎಂದ. ಆದರೂ ಬೀಡಿ ಹೊಸಕಿಹಾಕಿ ಬಂದ.

"ಅಣ್ಣ, ಬಿಗಿಯಾಗಿ ಇಡ್ಕೊ," ಎಂದೆ.

"ನಾನು ಯಾರ್ಗೂ ಅಣ್ಣ ಅಲ್ಲಪ್ಪ. ನಮ್ಮನೇಲಿ ನಾನೇ ಕಿರೀನು."

ಅವನು ತುದಿಯನ್ನು ಬೋಲ್ಟಿನ ನಡುವಿಗೆ ಸರಿಯಾಗಿ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಅಳೆದೆ. ಕಡೆ ಬದಲಿಸಿ ಅಳೆದೆ. ಬೆರಳಿನ ಅಗಲ ಅಲ್ಲೇ ಇತ್ತು. ನೀರಿನ ಟ್ಯೂಬ್ ಇಟ್ಟು ನೋಡಿದರೆ ಹಿಂದಿನ ಎಡಮೂಲೆ ಮೇಲೆಯೂ ಎದ್ದಿತ್ತು. ಒಂದೇ ಬೀಸಿಗೆ ಅಷ್ಟು ಬೆಂಕಿ ತಿಂದ ತೆಳ್ಳನೆಯ ಹಳೆಯ ಕಬ್ಬಿಣ ಆರುವಾಗ ಮುದುಡಿಕೊಂಡು ಇಡೀ ಚಾಸಿಯನ್ನು ತನ್ನ ಕಡೆ ಎಳೆದುಕೊಂಡಿತ್ತು.

ಸಂಜೆ ಸೆಕ್ರೆಟರಿ ಬಂದರು. ತೋರಿಸಿದೆ.

"ಬೆರಳಗಲ ತಾನೇ," ಎಂದರು. "ಮೇಲೆ ಬಾಡಿ ಕೂತ್ಮೇಲೆ ಯಾರಿಗ್ ಕಾಣ್ತದೆ? ಚಕ್ರ ಆಕಿ ಆಚೆಗ್ ತಳ್ಬುಡಾಣ ಮೇಸ್ತ್ರಿ. ಆಮೇಲೆ ನಿಧಾನಕ್ಕೆ ನೋಡ್ಕಂಡ್ರಾಯ್ತು."

"ಆಮೇಲೆ ಯಾರೂ ನೋಡಲ್ಲ. ಬಾಡಿ ಕೂತ್ರೆ ಬಾಗ್ಲು ಮುಚ್ಚಲ್ಲ. ಓಡ್ಸಿದ್ರೆ ಒಂದ್ಕಡೆಗೆ ಎಳೀತದೆ. ಕೊಯ್ಯಬೇಕು."

"ಎಲ್ಲಾನೂ?"

"ಎರಡೂ ಜೋಡ್ಣೇನೂ."

ಅವರು ಡ್ರಮ್ಮಿನ ಮೇಲಿದ್ದ ಬಾಡಿಗೆ ಒರಗಿಕೊಂಡರು. "ಕೊಯ್ದು ತುಂಡಾಗ್ ಬಿದ್ದಿರುವಾಗ್ಲೇ ಅಬ್ಬ ಬಂದ್ಬುಟ್ರೆ? ಗುಜ್ರಿಯವನು ತುಂಡು ಮಾಡೋ ಕೆಲ್ಸ ನೀವೇ ಮಾಡಿಕೊಟ್ಟಂಗಾಯ್ತದೆ."

ಅವರು ಹೇಳಿದ್ದು ನಿಜ. ಹಬ್ಬಕ್ಕೆ ಹೆಚ್ಚು ದಿನ ಇರಲಿಲ್ಲ. ಹಾಗೇ ಬಿಟ್ಟರೆ ಕಾರು ಅವರದಾಗಿ ಉಳಿಯುತ್ತದೆ, ಆದರೆ ಸೊಟ್ಟ ಕಾರು. ಕೊಯ್ದರೆ ನೆಟ್ಟಗಾಗಬಹುದು, ಇಲ್ಲವೇ ಪೂರ್ತಿ ಕೈಬಿಟ್ಟು ಹೋಗಬಹುದು. ನನಗೆ ಹೆದರಿಕೆಯೂ ಆಗಲಿಲ್ಲ, ಅವರ ಮೇಲೆ ಕನಿಕರವೂ ಬರಲಿಲ್ಲ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಕೈ ಮಾತ್ರ ಒಪ್ಪಲಿಲ್ಲ. ಸೊಟ್ಟ ಕಬ್ಬಿಣವನ್ನು ಮುಟ್ಟಿಕೊಂಡು ಇದು ನನ್ನ ಕೆಲಸ ಎಂದು ಬಿಟ್ಟುಹೋಗುವುದು ಆ ಕೈಗೆ ಗೊತ್ತಿರಲಿಲ್ಲ.

"ನನ್ನ ಬೆಸುಗೆ, ನಾನೇ ಕೊಯ್ತೀನಿ," ಎಂದೆ. ಗರಗಸ ತೆಗೆದುಕೊಂಡು ಅವರೆದುರೇ ಶುರುಮಾಡಿದೆ. ಆ ಹೊತ್ತಿಗೆ ಕರೆಂಟು ಇರಲಿಲ್ಲ. ಸೆಕ್ರೆಟರಿ ಹೊರಟು ಹೋದರು. ಬಾಗಿಲ ಹೊರಗೆ ಹುಲ್ಲಿನ ಹೊರೆ ಇಳಿಸಿ ನಿಂತಿದ್ದ ತಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಕೊಯ್ದದ್ದೇನೋ ಆಯಿತು. ಮತ್ತೆ ಬೆಸೆದರೆ ಮತ್ತೆ ಮುದುಡುವುದಿಲ್ಲ ಎಂಬ ಧೈರ್ಯ ಏನು? ಟ್ರೈಲರಿನ ದಪ್ಪ ಕಬ್ಬಿಣ ನನಗೆ ಗೊತ್ತು, ಇಂಥ ತೆಳ್ಳನೆಯದು ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಕೇಳುವುದೇನಿದ್ದರೂ ಅಣ್ಣನ ಪಾಲಿನ ಕೆಲಸ. ಮಾರನೆಯ ದಿನ ಶ್ರೀರಂಗಪಟ್ಟಣಕ್ಕೆ ಹೋಗಿ ಸಾಹೇಬರ ಶೆಡ್ಡಿನಲ್ಲಿ ನಿಂತೆ.

"ಈ ಸಲಾನೂ ಭಾಯ್ ಬಂದಿಲ್ಲ," ಎಂದರು ಅವರು.

"ತೀರ್ಕಂಡ," ಎಂದೆ. "ದೀಪಾವಳಿಗ್ ಮುಂಚೆ."

ಅವರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. ತಮ್ಮ ಮಾತಿನಲ್ಲಿ ಏನೋ ಮೆಲ್ಲಗೆ ಹೇಳಿಕೊಂಡರು. ಮೊದಲ ಸಲ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಚಾಯ್ ತರಿಸಿದರು, ಕುಡಿದೆ. ಆಮೇಲೆ ನಾನು ಚಾಸಿಯ ವಿಷಯ ಹೇಳಿದೆ.

"ಅವಸರ ಮಾಡಿದ್ರಿ," ಎಂದರು. "ಲೋಹಾ ಗರಮ್ ಆದ್ರೆ ಬೆಳೀತದೆ, ತಣ್ಣಗಾದ್ರೆ ಕುಗ್ತದೆ. ಎಲ್ಲಾ ಒಂದೇ ಕಡೆ ಗರಮ್ ಮಾಡಿದ್ರೆ ಎಲ್ಲಾ ಒಂದೇ ಕಡೆ ಕುಗ್ತದೆ. ಇಲ್ಲಿ ಒಂದು ಬೆರಳುದ್ದ ಹಾಕಿ, ಬಿಡಿ. ಅದರ ಎದುರು ಮಗ್ಗುಲಿಗೆ ಒಂದು ಬೆರಳುದ್ದ ಹಾಕಿ, ಬಿಡಿ. ಕೈ ಇಟ್ರೆ ಸುಡಬಾರ್ದು, ಆಮೇಲೆ ಮುಂದಿಂದು. ಕೆಲಸ ಶುರು ಮಾಡೋಕೆ ಮುಂಚೆ ಗಟ್ಟಿ ಆ್ಯಂಗಲ್ ಪಟ್ಟಿ ಅಡ್ಡಡ್ಡ ಕಟ್ಟಿ, ಎಲ್ಲೂ ಅಲುಗಬಾರ್ದು. ಅದನ್ನ ಕೊನೇಗೆ ತೆಗೀರಿ."

ಕೇಳಿಕೊಂಡು ಬಂದೆ. ಆದರೆ ಹಾಗೆ ಬಿಟ್ಟು ಬಿಟ್ಟು ಬೆಸೆಯಲು ಕರೆಂಟು ಉದ್ದಕ್ಕೂ ಬೇಕು. ನನಗೆ ಸಿಗುತ್ತಿದ್ದದ್ದು ಬಾಲ ಮಾತ್ರ. ಆ ಲೆಕ್ಕದಲ್ಲಿ ಉಗಾದಿ ಕಳೆದು ಇನ್ನೂ ಎಷ್ಟೋ ದಿನ ಬೇಕಾಗುತ್ತಿತ್ತು. ತಮ್ಮನ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೇಡಿಕೊಳ್ಳಲಿಲ್ಲ.

ಅವನು ಕಬ್ಬಿನ ಸಾಲು ನೋಡುತ್ತಾ ಕೇಳಿದ: "ಅಣ್ಣ ಅಂತ ಅವತ್ತು ಯಾರ್ನ ಕರೆದೆ?"

"ನಮ್ಮಣ್ಣುನ್ನೇ. ಟೇಪು ಅವನೇ ಇಡೀತಿದ್ದ."

"ಎಲ್ಲವ್ನೆ?"

"ಇಲ್ಲ."

ಅವನು ತಲೆಯ ಟವಲ್ ಬಿಚ್ಚಿ ಮುಖ ಒರೆಸಿಕೊಂಡ. "ನಾಳೆಯಿಂದ ಕರೆಂಟ್ ಬಂದಾಗ ನೀನ್ ಇಡ್ಕೊ. ನಾನು ಆಮೇಲೆ ನೀರು ಕಟ್ತೀನಿ. ಆ ಕಡೆ ಗದ್ದೆಯವ್ರಿಗೂ ಯೋಳ್ತೀನಿ, ಒಟ್ಗೇ ಎಲ್ಲಾ ಆಕ್ಬ್ಯಾಡಿ ಅಂತ. ಕೇಳ್ತಾರೋ ಬುಡ್ತಾರೋ."

"ಗುಜ್ರಿಗೆ ಓದ್ರೆ ನಿಂಗೇ ತಾನೆ ಲಾಭ?"

"ಗುಜ್ರಿಗೆ ಓದ್ರೂ ಸೊಟ್ಟ ಓಗದ್ ಬ್ಯಾಡ," ಎಂದ. "ಸೊಟ್ಟ ಆಗಿದ್ದು ನಾನು ಕರೆಂಟ್ ಬುಡ್ದೆ ಇದ್ದಿದ್ಕೆ ಅಂತ ಊರೋರು ಆಡ್ಕತಾರೆ."

ಜಾಕಿ ಇಟ್ಟು, ಸರಪಳಿ ಬಿಗಿದು ಎದ್ದಿದ್ದ ಮೂಲೆಯನ್ನು ಕೂದಲೆಳೆ ಕೂದಲೆಳೆಯಾಗಿ ಕೆಳಗಿಳಿಸಿದೆವು. ತಮ್ಮನೇ ಟೇಪು ಹಿಡಿಯುತ್ತಿದ್ದ. ಎರಡೂ ಮೂಲೆ ಅಳತೆ ಒಂದಾದ ಮೇಲೆ ಆ್ಯಂಗಲ್ ಅಡ್ಡ ಕಟ್ಟಿ, ಚುಕ್ಕಿ ಬೆಸುಗೆಯಿಂದ ಭದ್ರ ಮಾಡಿದೆ. ಆಮೇಲೆ ಬೆರಳುದ್ದ ಬೆಸುಗೆ, ಕಾಯುವುದು, ಎದುರು ಮಗ್ಗುಲಿಗೆ ಬೆರಳುದ್ದ, ಕಾಯುವುದು. ಅಂಗೈ ಇಟ್ಟು ನೋಡಿ, ಬೆಚ್ಚಗಿದ್ದರೆ ಮತ್ತೆ ಕಾಯುವುದು. ಬೆಸೆದದ್ದಕ್ಕಿಂತ ಕಾದದ್ದೇ ಹೆಚ್ಚು. ಕೆಲವು ದಿನ ಕರೆಂಟೇ ಬರಲಿಲ್ಲ. ತಮ್ಮನ ಎಳೆಗಬ್ಬು ಒಂದು ಕಡೆ ಬಾಡಿತು. ಅವನು ಅದನ್ನು ನೋಡಿದ, ನಾನೂ ನೋಡಿದೆ. ಸೆಕ್ರೆಟರಿ ಸಂಜೆ ಬಂದು ಬಾಗಿಲಲ್ಲೇ ನಿಂತು, ಒಳಗೆ ತಮ್ಮ ಇರುವುದನ್ನು ಕಂಡು, ಹಾಗೇ ಹಿಂದಕ್ಕೆ ಹೋಗುತ್ತಿದ್ದರು.

ಹಬ್ಬದ ಹಿಂದಿನ ದಿನ ಆ್ಯಂಗಲ್ ಕತ್ತರಿಸಿ ತೆಗೆದೆ. ಚಾಸಿ ಕೊಂಚವೂ ಕದಲಲಿಲ್ಲ. ಪಟ್ಟಿ ಸ್ಪ್ರಿಂಗು, ಆಕ್ಸಲ್ಲು, ಚಕ್ರ ಹಾಕಿದ್ದಾಯಿತು. ಅವತ್ತು ಸಂಜೆ ಒಂದು ಮಳೆ ಬಿತ್ತು.

ಉಗಾದಿಯ ಬೆಳಿಗ್ಗೆ ಊರಲ್ಲಿ ಹೊನ್ನಾರು. ವರ್ಷದ ಮೊದಲ ಉಳುಮೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲು ಪೂಜೆ ಮಾಡಿ ಶಾಸ್ತ್ರಕ್ಕೆ ಒಂದೆರಡು ಸಾಲು ಹೊಡೆಯುತ್ತಾರೆ. ಆಮೇಲೆ ಆ ದಿನ ಎತ್ತಿಗೆ ಬೇರೆ ಕೆಲಸ ಹೇಳುವುದಿಲ್ಲ. ಸೆಕ್ರೆಟರಿ ಯಾರದೋ ಟ್ರಾಕ್ಟರು ಹೇಳಿದ್ದರು. ಅದು ಆಲೆಮನೆಯ ಅಂಗಳದ ಕೆಸರಿಗೆ ಇಳಿಯಲಾರದೆ ರಸ್ತೆಯಲ್ಲೇ ನಿಂತಿತು. ಚಾಸಿಯನ್ನು ಹೊತ್ತು ಒಯ್ಯಬಹುದಿತ್ತು, ಆದರೆ ಹೊತ್ತರೆ ಅದು ಗುಜರಿ. ಪಂಚಾಯ್ತಿಯ ಹಿರಿಯರಿಬ್ಬರು ಹೊಸ ಪಂಚೆಯಲ್ಲಿ ಬಂದು ನೋಡುತ್ತಾ ನಿಂತಿದ್ದರು.

ತಮ್ಮ ಹೊನ್ನಾರು ಮುಗಿಸಿ ಗದ್ದೆಯಿಂದ ಬರುತ್ತಿದ್ದವನು, ನೇಗಿಲು ಬಿಚ್ಚಿಟ್ಟು ಎತ್ತುಗಳನ್ನು ಸೀದಾ ಆಲೆಮನೆಗೆ ಹೊಡೆದುಕೊಂಡು ಬಂದ.

"ಒನ್ನಾರ್ ಕಟ್ಟಿದ್ ಎತ್ಗೆ ಇವತ್ತು ಕೆಲ್ಸ ಯೋಳ್ಬಾರ್ದು ಕಣ್ಲಾ," ಎಂದರು ಒಬ್ಬ ಹಿರಿಯರು.

"ಇದು ಕೆಲ್ಸ ಅಲ್ಲ ಬುಡಿ ದೊಡ್ಡಪ್ಪ. ನಮ್ಮಣ್ಣ ಉಟ್ಟಿದ್ ಮನೆ ಖಾಲಿ ಮಾಡ್ತಾವ್ನೆ."

ಯಾರೋ ನಕ್ಕರು. ಅವನು ಹಗ್ಗವನ್ನು ಚಾಸಿಯ ಮುಂದಿನ ಅಡ್ಡಪಟ್ಟಿಗೆ ಬಿಗಿದ. ಎತ್ತುಗಳು ಒಂದು ಸಲ ತೂಗಿ ನಿಂತು, ಮತ್ತೆ ಎಳೆದವು. ಚಾಸಿ ಬಾಗಿಲು ದಾಟಿತು. ಅಂಗಳ ದಾಟಿತು. ಹಿರಿಯರು ತಲೆಯಾಡಿಸಿದರು. ಸೆಕ್ರೆಟರಿ ಅದರ ಹಿಂದೆ ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದವರು ನಿಂತುಬಿಟ್ಟರು.

"ಮೇಸ್ತ್ರಿ, ಇಂದಿನ್ ಚಕ್ರದ ಗುರ್ತು ಎಲ್ಲಿ?"

ನಾನು ಹೋಗಿ ನೋಡಿದೆ. ಮಳೆಯಲ್ಲಿ ನೆನೆದ ಮಣ್ಣಿನ ಮೇಲೆ ಬಾಗಿಲಿನಿಂದ ರಸ್ತೆಯವರೆಗೆ ಎರಡೇ ಗೆರೆ. ಚಾಸಿ ನೆಟ್ಟಗಿದ್ದರೆ ಹಿಂದಿನ ಚಕ್ರ ಮುಂದಿನದರ ಗುರುತಿನ ಮೇಲೇ ಹೋಗುತ್ತದೆ, ಸೊಟ್ಟಗಿದ್ದರೆ ನಾಲ್ಕು ಗೆರೆ ಬೀಳುತ್ತದೆ ಎಂದು ಹೇಳಿದೆ. ಸೆಕ್ರೆಟರಿ ಬಗ್ಗಿ ಗೆರೆಯನ್ನು ಬೆರಳಿನಿಂದ ಮುಟ್ಟಿದರು. ಎತ್ತಿನ ಹಗ್ಗ ಬಿಚ್ಚುತ್ತಿದ್ದ ತಮ್ಮನೂ ಬಂದು ನೋಡಿದ.

"ಅಬ್ಬದೂಟಕ್ಕೆ ಮನೆಗ್ ಬಾ," ಎಂದರು ಸೆಕ್ರೆಟರಿ, ಗೆರೆಯನ್ನೇ ನೋಡುತ್ತಾ.

"ಯಾರ್ಗ್ ಯೋಳ್ತಾವ್ನೆ, ನಿಂಗಾ ನಂಗಾ?" ಎಂದು ತಮ್ಮ ನನ್ನನ್ನು ಕೇಳಿದ.

"ನಿಂಗೇ ಕಣ್ಲಾ," ಎಂದರು ಸೆಕ್ರೆಟರಿ, ಅವನ ಕಡೆ ತಿರುಗಿ.

ಅವರಿಬ್ಬರೂ ಟ್ರಾಕ್ಟರಿನ ಕಡೆ ಹೋದರು. ನನ್ನ ಸಾಮಾನು ಒಳಗೇ ಉಳಿದಿತ್ತು. ನಾನು ಆ ಗೆರೆಗಳ ಮೇಲೆ ಕಾಲಿಡದೆ, ಪಕ್ಕದಲ್ಲೇ ನಡೆದುಕೊಂಡು ಆಲೆಮನೆಗೆ ಹಿಂತಿರುಗಿದೆ.